ನಾನೇ ಇಟ್ಟ ತಪ್ಪು ಚುಕ್ಕಿ

ಚರ್ಮಗಂಟು ರೋಗ ನಮ್ಮ ಕಡೆ ಬಂದ ವರ್ಷ ನಾನು ನಂಜನಗೂಡಿನ ದನದ ಡಾಕ್ಟರ ಕಚೇರಿಯಲ್ಲಿ ಗುತ್ತಿಗೆಯ ಮೇಲೆ ನಕ್ಷೆ ತುಂಬುವ ಕೆಲಸಕ್ಕಿದ್ದೆ. ಯಾವ ಊರಿನಲ್ಲಿ ಯಾರ ಹಸುವಿಗೆ ಗಂಟೆದ್ದಿದೆ ಎಂಬ ಪಟ್ಟಿ ಬೆಳಿಗ್ಗೆ ಬರುತ್ತಿತ್ತು. ಆ ಮನೆಗೆ ಫೋನು ಮಾಡಿ, ಜ್ವರ ಯಾವತ್ತು ಬಂತು, ಹಸು ಎಲ್ಲಿಂದ ತಂದದ್ದು ಎಂದು ಕೇಳಿ, ಕಂಪ್ಯೂಟರಿನ ನಕ್ಷೆಯ ಮೇಲೆ ಒಂದು ಕೆಂಪು ಚುಕ್ಕಿ ಇಡಬೇಕು. ಹೊರಗಿನಿಂದ ತಂದ ಹಸುವಾದರೆ ಅದು ಬಂದ ಊರಿಗೂ ಒಂದು ಚುಕ್ಕಿ. ಡಾಕ್ಟರು ಆ ಚುಕ್ಕಿಗಳ ಸುತ್ತ ಗೆರೆ ಎಳೆಯುತ್ತಿದ್ದರು. ಗೆರೆಯೊಳಗಿನ ಊರುಗಳಿಗೆ ಮೊದಲು ಲಸಿಕೆ, ಹೊರಗಿನವು ಕಾಯಬೇಕು. ಔಷಧಿ ಇದ್ದದ್ದೇ ಅಷ್ಟು. ಕುರ್ಚಿಯಲ್ಲಿ ಕೂತು ಮಾಡುವ ಕೆಲಸ, ಬಟ್ಟೆಗೆ ಸಗಣಿ ತಾಗುವುದಿಲ್ಲ ಎಂದು ನನಗೆ ಜಂಬವೂ ಇತ್ತು.

ತಿ. ನರಸೀಪುರದ ಕಡೆಗೆ ಕೊಟ್ಟಿದ್ದ ನಮ್ಮಕ್ಕ ಬಾಣಂತನ ಮುಗಿಸಿಕೊಂಡು ಗಂಡನ ಮನೆಗೆ ಹೊರಟಿದ್ದು ಅದೇ ದಿನಗಳಲ್ಲಿ. ಕೂಸಿನ ಜೊತೆ ಹಾಲು ಕರೆಯುವ ಹಸುವನ್ನೂ ಕಳಿಸುವುದು ನಮ್ಮ ಮನೆಯ ರೂಢಿ. ಸಂತೆ ಸೇರಬಾರದು, ದನ ಸಾಗಿಸಬಾರದು ಎಂಬ ಆದೇಶ ಆಗಷ್ಟೇ ಬಂದಿತ್ತು. ಅದನ್ನು ಪಂಚಾಯಿತಿಗಳಿಗೆಲ್ಲ ವಾಟ್ಸಾಪ್ ಮಾಡಿದವಳೇ ನಾನು. "ತವರಿನ ಹಾಲಿಲ್ಲದೆ ಕೂಸ ಎಂಗವ್ವ ಕಳ್ಸದು?" ಎಂದು ಅವ್ವ ಕಣ್ಣಲ್ಲಿ ನೀರು ಹಾಕಿದಾಗ, ಚಿಕ್ಕಯ್ಯನಛತ್ರದ ಹತ್ತಿರದ ನಮ್ಮೂರಿಗೆ ಲಗೇಜು ಆಟೋ ಕರೆಸಿದವಳೂ ನಾನೇ. ಬೇಲಿಯೇ ಎದ್ದು ಹೊಲ ಮೇಯ್ದಂತಾಯಿತು. ಹಸುವೇನೋ ಅವತ್ತು ಚೆನ್ನಾಗಿಯೇ ಕಾಣುತ್ತಿತ್ತು.

ಹಸು ಹೋದ ಎರಡನೇ ವಾರದ ಪಟ್ಟಿಯಲ್ಲಿ ಭಾವನ ಹೆಸರಿತ್ತು. ಫೋನು ಮಾಡಿದರೆ ಅಕ್ಕ ಎತ್ತಿದಳು.

"ಮೈಯೆಲ್ಲ ಗಂಟು ಕಣೆ, ನೋಡಕಾಗಲ್ಲ. ಕೇಳಕೆ ಬಂದೋರ್ಗೆ, ಒಳೆ ಆಚೆ ಸಂತೇಲಿ ತಂದಿದ್ದು, ಸಂತೆ ನಿಲ್ಸಕ್ ಮುಂಚೆನೇ ಅಂದಿವ್ನಿ. ನೀನೂ ಅಂಗೇ ಬರ್ಕೊ."

"ಸುಳ್ಳು ಬರೆಯಕಾದದಾ ಅಕ್ಕ?"

"ನಿಜ ಬರುದ್ರೆ ನಿನ್ ಕೆಲಸ ಓಯ್ತದೆ. ಬುದ್ಧಿಗಿದ್ದಿ ಅದಾ ನಿಂಗೆ?"

ಅವಳು ನನ್ನ ಮೇಲಿನ ಪ್ರೀತಿಗೆ ಹೇಳಿದಳು, ನಾನು ಭಯಕ್ಕೆ ಬರೆದೆ. ನಮ್ಮೂರಿಗೆ ಇಡಬೇಕಾದ ಚುಕ್ಕಿಯನ್ನು ಸಂತೆಯ ಊರಿಗೆ ಇಟ್ಟೆ. ಡಾಕ್ಟರು ಒಳ್ಳೆಯ ಮನುಷ್ಯ, ನನ್ನನ್ನು ನಂಬಿದ್ದರು. ಅಕ್ಕನ ಊರು, ಆ ಸಂತೆಯ ಊರು, ಎರಡರ ಸುತ್ತಲೂ ಗೆರೆ ಎಳೆದರು. ಇದ್ದ ಔಷಧಿಯೆಲ್ಲ ಆ ಕಡೆಗೆ ಹೋಯಿತು. ನಮ್ಮೂರು ಗೆರೆಯ ಹೊರಗೆ ಉಳಿಯಿತು. ಅಕ್ಕನ ಹಸುವಿಗೆ ರೋಗ ಹತ್ತಿದ್ದು ನಮ್ಮ ಕೊಟ್ಟಿಗೆಯಲ್ಲೇ ಇರಬೇಕು, ಇನ್ನು ನಮ್ಮ ಬೀದಿಗೆ ಹಬ್ಬುತ್ತದೆ ಎಂದು ಅಂದಾಜಿದ್ದವಳು ಇಡೀ ಕಚೇರಿಯಲ್ಲಿ ನಾನೊಬ್ಬಳೇ.

ನಮ್ಮ ಪಕ್ಕದ ಮನೆಯಾಕೆಯನ್ನು ನಾವು ದೊಡ್ಡವ್ವ ಅನ್ನುತ್ತಿದ್ದೆವು. ರಕ್ತಸಂಬಂಧವೇನೂ ಅಲ್ಲ, ಆದರೆ ಅವ್ವ ಕೂಲಿಗೆ ಹೋದಾಗ ನನ್ನನ್ನೂ ಅಕ್ಕನನ್ನೂ ಸಾಕಿದವಳು ಅವಳೇ. ಅವಳಿಗಿದ್ದದ್ದು ಒಂದೇ ಹಸು. ಅದರ ಹಾಲು ಡೈರಿಗೆ ಹೋದರೆ ಮನೆಯ ಐದು ಜನರ ಒಲೆ ಉರಿಯುತ್ತಿತ್ತು. ನಾನು ಬಸ್ಸಿಗೆ ಹೊರಡುವಾಗ ದಿನಾ ಎದುರು ಬಂದು ನಿಲ್ಲುವಳು.

"ಸೂಜಿಯೋರು ಯಾವಾಗ್ ಬತ್ತರೆ ಮಗ? ಆಫೀಸ್ನೋಳೇ ಪಕ್ಕದಲ್ಲವಳೆ, ನಂಗೇನು ಯೋಚ್ನೆ ಅನ್ಕಂಡಿವ್ನಿ."

"ಈ ವಾರ ಬತ್ತರೆ ದೊಡ್ಡವ್ವ."

ಹನ್ನೊಂದು ದಿನ ಇದೇ ಮಾತು ಹೇಳಿದೆ. ಥೂ, ನನ್ನ ನಾಲಿಗೆಗಿಷ್ಟು! ಹನ್ನೆರಡನೇ ದಿನ ಅವಳು ಎದುರು ಬರಲಿಲ್ಲ. ಕೊಟ್ಟಿಗೆಗೆ ಹೋಗಿ ನೋಡಿದರೆ ಹಸು ತಲೆ ಇಳಿಬಿಟ್ಟು ನಿಂತಿದೆ, ಕುತ್ತಿಗೆಯಿಂದ ಕೆಚ್ಚಲಿನವರೆಗೆ ಗಂಟು, ಮುಂಗಾಲು ಊದಿಕೊಂಡಿವೆ. ದೊಡ್ಡವ್ವ ವೀಳ್ಯದೆಲೆ, ಮೆಣಸು, ಉಪ್ಪು ಅರೆದು ಅದರ ಬಾಯಿಗೆ ಇಡುತ್ತಿದ್ದಳು. ಹಸು ನುಂಗುತ್ತಿರಲಿಲ್ಲ.

ಅವತ್ತು ಕಚೇರಿಗೆ ಹೋದವಳೇ ಡಾಕ್ಟರ ಮುಂದೆ ನಿಂತು ಎಲ್ಲ ಒಪ್ಪಿಕೊಂಡೆ. ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಆ ಕಡೆ ಖರ್ಚಾದ ಔಷಧಿ ವಾಪಸ್ ಬರಲ್ಲಮ್ಮ. ಹೋಗು, ಮೊದಲು ಚುಕ್ಕಿ ಸರಿ ಮಾಡು," ಎಂದರು.

ನಮ್ಮ ಮನೆಯ ಮೇಲೆ ನಾನೇ ಕೆಂಪು ಚುಕ್ಕಿ ಇಟ್ಟೆ. ನನ್ನ ಕೆಲಸ ಆ ತಿಂಗಳಿಗೇ ಹೋಯಿತು, ಅದಕ್ಕೆ ನಾನು ಅಳಲಿಲ್ಲ. ಎಲ್ಲೆಲ್ಲಿಂದಲೋ ಔಷಧಿ ಹೊಂದಿಸಿಕೊಂಡು ಲಸಿಕೆಯವರು ನಾಲ್ಕನೇ ದಿನ ನಮ್ಮೂರಿಗೆ ಬಂದರು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತೆ.

"ನಮ್ದುಕ್ಕೂ ಒಂದು ಆಕಿ ಸಾ," ಎಂದು ದೊಡ್ಡವ್ವ ಕೈಮುಗಿದಳು.

"ರೋಗ ಬಂದಿರೋದಕ್ಕೆ ಹಾಕಂಗಿಲ್ಲಮ್ಮ," ಎಂದು ಅವರು ಮುಂದಿನ ಮನೆಗೆ ನಡೆದರು.

ಎರಡು ದಿನ ಕಳೆದು ಹಸು ಸತ್ತಿತು. ಜೆಸಿಬಿ ಕರೆಸಿ ಆಳದ ಗುಂಡಿ ತೋಡಿ, ಸುಣ್ಣ ಉಪ್ಪು ಸುರಿದು ಮುಚ್ಚಿದರು. ಗಂಡಸರು ಕೈಕಾಲು ತೊಳೆದು ಹೋದ ಮೇಲೆ ದೊಡ್ಡವ್ವ ನಮ್ಮ ಮನೆಗೆ ಬಂದು ನನ್ನ ಪಕ್ಕ ಕೂತಳು. ನನ್ನ ಎರಡೂ ಕೈ ಹಿಡಿದುಕೊಂಡಳು.

"ನೀನು ಸಾಹೇಬರ್ಗೆ ಯೋಳಿದ್ಕೇ ಸೂಜಿ ಬಂತಂತಲ್ಲ ಮಗ. ನಂದು ಓಯ್ತು, ಓಗ್ಲಿ. ಊರ್ನವಾದ್ರೂ ಉಳ್ಕಂಡೊ."

ಅವಳು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ, ಹರಸಿದ್ದನ್ನು ತಡೆಯಲಾಗಲಿಲ್ಲ. ಅಕ್ಕನ ಹಸು, ಸಂತೆಯ ಸುಳ್ಳು, ತಪ್ಪು ಚುಕ್ಕಿ, ಗೊತ್ತಿದ್ದೂ ಹನ್ನೊಂದು ದಿನ ಅವಳಿಗೆ ಕೊಟ್ಟ ಉತ್ತರ, ಎಲ್ಲವನ್ನೂ ಅಳುತ್ತಾ ಹೇಳಿಬಿಟ್ಟೆ. ದೊಡ್ಡವ್ವ ನಿಧಾನವಾಗಿ ಕೈ ಬಿಡಿಸಿಕೊಂಡಳು.

"ಇದುನ್ನ ನಂಗ್ಯಾಕವ್ವ ಯೋಳ್ದೆ?" ಎಂದಳು. "ನಿನ್ನೆದೆ ಅಗುರ ಮಾಡ್ಕಳಕಾ? ಅಸ ಓದ್ರೂ ನೀನಿದ್ದೀಯ ಅನ್ಕಂಡಿದ್ದೆ. ಈಗ ನೀನೂ ಓದೆ."