ಸಾವ್ಕಾರರ ರೇಡಿಯೋ

ಪೋತ್ನಾಳದ ರೈಸ್‌ಮಿಲ್ ಸಾವ್ಕಾರರು ತೀರಿಕೊಂಡ ಮ್ಯಾಲ, ಅವರ ಕೆಟ್ಟ ರೇಡಿಯೋನ ಮಾನ್ವಿಯ ನನ್ನ ರಿಪೇರಿ ಅಂಗಡ್ಯಾಗ ಬ್ಲೂಟೂತ್ ಸ್ಪೀಕರ್ ಮಾಡಿದ್ದೆ. ಹೊರಗಿನ ಕಟ್ಟಿಗಿ ಡಬ್ಬಿ ಅಷ್ಟೇ ಹಳೇದು. ಅವರ ಮನಿಗಿ ಒಯ್ದು, ದೇವರ ಜಗಲಿ ಮ್ಯಾಲ ಇಟ್ಟು ಸ್ವಿಚ್ ಹಾಕಿದೆ. ಸಾವ್ಕಾರರ ಹೆಂಡತಿ ಕುಂತು ಅದಕ್ಕ ವಿಭೂತಿ ಹಚ್ಚಾಕತ್ತಿದ್ರು. ನಾನಿನ್ನೂ ಫೋನ್ ತೆಗದಿದ್ದಿಲ್ಲ, ಡಬ್ಬಿ ಒಳಗಿಂದ ಗಂಡಸಿನ ದನಿ ಬಂತು.

"ಎಲ್ಲಿದ್ದಿ? ಎಷ್ಟೊತ್ತು ಕಾಯಬೇಕು?"

ಆ ಯವ್ವ ತಲಿಮ್ಯಾಲ ಸೆರಗು ಎಳಕೊಂಡು ಎದ್ದು ನಿಂತು, "ಬಂದೆನ್ರೀ" ಅಂದ್ರು.

ನಾನು ಹೊರಗ ಓಡಿದೆ. ಅಂಗಳದಾಗ ಮಿಲ್ಲಿನ ಲಾರಿ ಡ್ರೈವರ್ "ಕಾಲ್ ಬಂದದ, ದನೀನೇ ಕೇಳವಲ್ದು" ಅಂತ ಫೋನ್ ಬಡೀಲಿಕತ್ತಿದ್ದ. ತನ್ನ ಇಯರ್‌ಫೋನ್ ಅಂತ ತಿಳಿದು ಫೋನ್‌ನ ನನ್ನ ರೇಡಿಯೋಕ್ಕ ಜೋಡಿಸಿಕೊಂಡಿದ್ದ.

ಒಳಗ ಬಂದು ಹೇಳಿದೆ.

"ಗೊತ್ತಾತಪ್ಪ," ಅಂದ್ರು ಯವ್ವ. "ಅವರಾಗಿದ್ರ ಇಷ್ಟು ಮೆತ್ತಗ ಕೇಳ್ತಿದ್ದಿಲ್ಲ."

ಹಂಗಂದ್ರೂ, ನಾ ಹೊರಡೂತನಕ ಸೆರಗು ಮಾತ್ರ ಇಳಿಸಲಿಲ್ಲ.