ಅವ್ವ ಬೀದಿಗಿಳಿದ ಬೆಳಗು

ನೇಯ್ಗೆಗೆ ಅನುಮತಿ ಬಂತು ಅಂದಾಗ ನಮ್ಮ ಬೀದಿಗೆ ಬೀದಿಯೇ ಕುಣಿಯಿತು! ಲಾಕ್‌ಡೌನ್ ಶುರುವಾಗಿ ಎರಡು ತಿಂಗಳು, ತಮಿಳುನಾಡಿನ ನೆಗಮಂ ಕಡೆಯ ನಮ್ಮ ನೇಕಾರರ ಬೀದಿಯಲ್ಲಿ ಮಗ್ಗದ ಸದ್ದೇ ಇರಲಿಲ್ಲ. ಆದರೆ ಮಗ್ಗಕ್ಕೆ ಮೊದಲು ಪಾವು, ಅಂದರೆ ಸೀರೆಯ ಉದ್ದನೂಲು, ಹಾಸಬೇಕಲ್ಲ? ಬೀದಿಯುದ್ದಕ್ಕೂ ನೂಲು ಬಿಗಿದು, ಗಂಜಿ ಬಳಿದು, ಬಿಸಿಲೇರುವ ಮೊದಲು ಕುಂಚದಿಂದ ತೀಡಿ ಮುಗಿಸುವ ಕೆಲಸ ಅದು. ಹತ್ತು ಜನರಿಲ್ಲದೆ ಆಗದು. ಗುಂಪು ಸೇರಬಾರದು ಅಂತ ಸರ್ಕಾರ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು! ಕೊನೆಗೆ ಮನೆಗೊಬ್ಬರು ಮಾಸ್ಕ್ ಹಾಕಿ ಮಾರುದೂರ ನಿಲ್ಲುವುದೆಂದು ತೀರ್ಮಾನವಾಯಿತು.

ನನ್ನ ಚಿಂತೆ ಅಜ್ಜಿಯದು. ಅವಳನ್ನು ನಾವು ಅವ್ವ ಅನ್ನುತ್ತೇವೆ. ಎಂಬತ್ತು ದಾಟಿದ ಉಬ್ಬಸದ ಜೀವ. ಕಾಲೇಜು ಮುಚ್ಚಿ ಮನೆಯಲ್ಲಿದ್ದ ನಾನೇ ಅವಳ ಪಾಲಿನ ಪೊಲೀಸು. ದಿನಾ ಬೀದಿಯ ಆ ತುದಿಗೆ ಹೋಗಿ ತನ್ನ ತಂಗಿಯ ಜೊತೆ ಎಲೆಅಡಿಕೆ ಹಾಕುತ್ತಿದ್ದವಳನ್ನು ಹೊಸ್ತಿಲು ದಾಟಲು ಬಿಟ್ಟಿರಲಿಲ್ಲ. "ಸಾಯೋದಾದ್ರೆ ತಂಗಿ ಮೊಕ ನೋಡ್ಕೊಂಡೇ ಸಾಯ್ತೀನಿ, ಬಿಡು ಅಮ್ಮಣಿ," ಅಂದರೂ ನಾನು ಕರಗಲಿಲ್ಲ.

ಆ ಬೆಳಗ್ಗೆ ಕುಂಚಗಳು ಓಡುತ್ತಿದ್ದವು. ನಗು, ಗೇಲಿ, ಹಬ್ಬವೇ ಹಬ್ಬ! ಅಷ್ಟರಲ್ಲಿ ಕಿಟಕಿಯಿಂದ ಅವ್ವನ ಕೂಗು: "ಏನ್ ಕಂಜಿನೋ ಅದು! ನೂಲೆಲ್ಲ ಒಂದಕ್ಕೊಂದು ಅಂಟ್ಕೊಳ್ತದೆ. ನಾನು ಮುಟ್ಟಿ ನೋಡ್ಬೇಕು!"

ಎಲ್ಲರ ಕೈಗಳೂ ನಿಂತವು. ಗಂಜಿಯ ಹದದಲ್ಲಿ ಅವಳ ಮಾತಿಗೆ ಬೀದಿಯಲ್ಲಿ ಎದುರಿಲ್ಲ. ಬಿಸಿಲು ಏರುತ್ತಿತ್ತು. ಅಂದಿನ ಪಾವು ನಮ್ಮ ಮನೆಯದು; ಕೆಟ್ಟರೆ ನಮ್ಮ ಎರಡೂ ಮಗ್ಗ ಮತ್ತೆ ನಿಂತಂತೆಯೇ. ಅವ್ವನಿಗೆ ಸೋಂಕು ತಗುಲಿದರೆ?

"ಎಲ್ರೂ ಜಗಲಿ ಹತ್ತಿ!" ಎಂದು ಕಿರುಚಿ ಬಾಗಿಲು ತೆಗೆದೆ.

ಬೀದಿ ಖಾಲಿಯಾಯಿತು. ಅವ್ವ ಸೆರಗಿನಿಂದ ಮೂಗು ಮುಚ್ಚಿಕೊಂಡು, ನೂಲಿನ ಮೇಲೆ ಬೆರಳಾಡಿಸುತ್ತ ನಡೆದಳು. ಅಬ್ಬಾ, ಆ ನಡಿಗೆ! ಎರಡು ತಿಂಗಳು ಗೋಡೆ ಹಿಡಿದು ಓಡಾಡಿದವಳು ಎಲ್ಲೂ ನಿಲ್ಲದೆ ಬೀದಿಯ ತುದಿ ಮುಟ್ಟಿದಳು. ಅಲ್ಲಿ ಜಗಲಿಯ ಮೇಲೆ ತಂಗಿ. ಮಾರುದೂರದಲ್ಲೇ ನಿಂತು ಅವ್ವ ಕೇಳಿದಳು: "ಕಾಪಿ ಕುಡಿದ್ಯಾ?"

"ಕುಡಿದೆ ಅಕ್ಕಾ. ನೀನು?"

ಅಷ್ಟೇ ಮಾತು. ಇಬ್ಬರೂ ಅಳುತ್ತಿದ್ದರು.

ಮನೆಗೆ ಬಂದ ಮೇಲೆ ಕೇಳಿದೆ: "ಗಂಜಿಗೆ ಏನಾಗಿತ್ತು ಅವ್ವಾ?"

"ಒಂದೂ ಆಗಿರ್ಲಿಲ್ಲ. ಚೆನ್ನಾಗೇ ಇತ್ತು."

ನನಗೆ ಮೈಯೆಲ್ಲ ಉರಿದುಹೋಯಿತು. ಹದಿನಾಲ್ಕು ದಿನ ಅವಳ ಒಂದೊಂದು ಕೆಮ್ಮಿಗೂ ಬೆಚ್ಚಿಬಿದ್ದೆ. ಏನೂ ಆಗಲಿಲ್ಲ. ಬದಲಿಗೆ, ಮನೆಯೊಳಗೆ ಕೂತಾಗಿನಿಂದ ಬಿಟ್ಟೇಬಿಟ್ಟಿದ್ದ ರಾತ್ರಿಯೂಟವನ್ನು ಅವಳು ಮತ್ತೆ ಶುರುಮಾಡಿದಳು.

ಮುಂದಿನ ಪಾವಿನ ದಿನ, ಇನ್ನೂ ಗಂಜಿ ಬಳಿಯುವ ಮೊದಲೇ ಎಲ್ಲರನ್ನೂ ಜಗಲಿ ಹತ್ತಿಸಿ, ನಾನೇ ಅವ್ವನನ್ನು ಕರೆದೆ: "ಬಾ ಅವ್ವಾ, ನೂಲು ನೋಡು."