ನಿನ್ನ ತೋಳಿಗೆ ನಾನು ಹಚ್ಚಿದ ಕೇರು

ನೀಲಾ, ನಿನ್ನ ಎಡತೋಳನ್ನು ಕೆಡಿಸಿದವರು ಸೂಜಿ ಹಾಕಿದ ಸಿಸ್ಟರ್ ಅಲ್ಲ. ನಾನು. ಇಪ್ಪತ್ತೆಂಟು ವರ್ಷದಿಂದ ನಿನಗೆ ಹೇಳಿಕೊಂಡು ಬಂದದ್ದು ಸುಳ್ಳು. ನಿನ್ನಪ್ಪನಿಗೆ, ನನ್ನ ಹೆತ್ತವ್ವನಿಗೆ, ಹೊಸಪೇಟೆಯ ಚರ್ಮದ ಡಾಕ್ಟರಿಗೆ, ಎಲ್ಲರಿಗೂ ಹೇಳಿದ್ದು ಅದೇ ಸುಳ್ಳು. ಬಾಯಲ್ಲಿ ಹೇಳೋಣವೆಂದು ಮೂರು ದಿನದಿಂದ ದೋಣಿಮಲೈನ ನಿನ್ನ ಕ್ವಾರ್ಟರ್ಸಿನಲ್ಲಿ ನಿನ್ನ ಹಿಂದೆ ಮುಂದೆ ಸುಳಿದಾಡುತ್ತಿದ್ದೇನೆ. ನೀನು ಏನವ್ವ ಎಂದು ಕೇಳಿದಾಗಲೆಲ್ಲ, ಏನಿಲ್ಲ, ಕೂಸಿಗೆ ಎಣ್ಣೆ ಹಚ್ಚಲೇನು ಎಂದು ಜಾರಿಕೊಂಡಿದ್ದೇನೆ. ನನ್ನ ನಾಲಿಗೆಯ ಯೋಗ್ಯತೆ ಗೊತ್ತಾಯಿತು. ಅದಕ್ಕೇ ಬರೆಯುತ್ತಿದ್ದೇನೆ.

ನೀನು ಹುಟ್ಟಿದ್ದು ನನ್ನ ತವರು ಎಮ್ಮಿಗನೂರಿನಲ್ಲಿ. ಆಗ ಸಿಸ್ಟರ್ ಶಾಂತಮ್ಮ ಎಂಬವರು ಶಾಲೆಯ ಕಟ್ಟೆಯ ಮೇಲೆ ಕುಳಿತು ಊರ ಕೂಸುಗಳಿಗೆಲ್ಲ ಕ್ಷಯದ ಸೂಜಿ ಹಾಕುತ್ತಿದ್ದರು. ನಿನಗೂ ಹಾಕಿದರು. ತಿಂಗಳೊಪ್ಪತ್ತಿನಲ್ಲಿ ಅಲ್ಲೊಂದು ಗುಳ್ಳೆ ಏಳುತ್ತದೆ, ಕೀವು ಬರುತ್ತದೆ, ತಾನಾಗಿಯೇ ಒಣಗುತ್ತದೆ, ಏನೂ ಹಚ್ಚಬೇಡ ಎಂದು ಎರಡು ಸಲ ಹೇಳಿದರು. ನಾನು ಎರಡು ಸಲ ತಲೆಯಾಡಿಸಿದೆ.

ಹೇಳಿದ ಹಾಗೆಯೇ ಗುಳ್ಳೆ ಎದ್ದಿತು. ಆದರೆ ಅಷ್ಟರಲ್ಲಿ ನಮ್ಮಿಬ್ಬರನ್ನೂ ಕರೆದೊಯ್ಯಲು ಕಂಪ್ಲಿಯಿಂದ ನಿನ್ನಪ್ಪನ ಮನೆಯವರು ಬರುವ ದಿನ ಗೊತ್ತಾಯಿತು. ನಿನ್ನ ಸೋದರತ್ತೆ ನಿನಗೇ ಗೊತ್ತಲ್ಲ, ಕೂಸನ್ನು ಎತ್ತಿಕೊಳ್ಳುವ ಮುಂಚೆ ಅಂಗಿ ಬಿಚ್ಚಿ ನೋಡುವವಳು. ಹೆಣ್ಣು ಹುಟ್ಟಿತು ಅನ್ನುವುದೇ ಆಗಲೇ ಒಂದು ಮಾತಾಗಿತ್ತು. ಅದರ ಮೇಲೆ ಕೀವು ಸೋರುವ ತೋಳು ಬೇರೆ—

ನಾಟಿಯ ಕೆಸರಿನಲ್ಲಿ ನಿಂತು ದುಡಿಯುವ ನಮ್ಮಂಥವರ ಮನೆಗಳಲ್ಲಿ ಕೇರುಬೀಜ ಇದ್ದೇ ಇರುತ್ತಿತ್ತು. ಅಗಸರು ಬಟ್ಟೆಗೆ ಗುರುತು ಹಾಕುತ್ತಾರಲ್ಲ, ಅದೇ ಕರಿ ಬೀಜ. ಸೂಜಿಯಿಂದ ಚುಚ್ಚಿ ದೀಪಕ್ಕೆ ಹಿಡಿದರೆ ಕಪ್ಪು ಎಣ್ಣೆ ಜಿನುಗುತ್ತದೆ. ಒಡೆದ ಹಿಮ್ಮಡಿಗೆ ಅದನ್ನು ಮುಟ್ಟಿಸಿದರೆ ಎರಡು ದಿನದಲ್ಲಿ ಬಿರುಕು ಒಣಗುತ್ತದೆ. ನನ್ನವ್ವನ ಹಿಮ್ಮಡಿಗೆ ನಾನೇ ಎಷ್ಟೋ ಸಲ ಹಚ್ಚಿದ್ದೆ. ಅವತ್ತು ಅವ್ವ ಗದ್ದೆಗೆ ಹೋಗಿದ್ದಳು. ಹಿಮ್ಮಡಿ ಒಣಗಿಸುವುದು ತೋಳನ್ನೂ ಒಣಗಿಸಲಿ ಅಂದುಕೊಂಡೆ. ಎಮ್ಮೆಚರ್ಮದಂಥ ಹಿಮ್ಮಡಿ ಎಲ್ಲಿ, ಎರಡು ತಿಂಗಳ ಕೂಸಿನ ತೋಳು ಎಲ್ಲಿ, ಅಷ್ಟೂ ಹೊಳೆಯಲಿಲ್ಲವೇ ಎಂದು ನೀನು ಕೇಳಬಹುದು. ಹೊಳೆಯಿತು. ಕೇರಿನ ಎಣ್ಣೆ ಹತ್ತಿದ ಸೂಜಿಯ ತುದಿ ಮೊದಲ ಸಲ ತಾಗಿದಾಗ ನೀನು ಚೀರಿದ ರೀತಿಗೇ ತಪ್ಪು ಮಾಡುತ್ತಿದ್ದೇನೆಂದು ತಿಳಿಯಿತು. ಆದರೂ ಇನ್ನೆರಡು ಸಲ ಮುಟ್ಟಿಸಿದೆ. ಅರ್ಧಕ್ಕೆ ಬಿಟ್ಟರೆ ಒಣಗದೆ ಹೋದೀತು ಅಂತ.

ಮರುದಿನ ತೋಳು ಬಾತು, ಬೊಬ್ಬೆ ಎದ್ದು, ನಿನಗೆ ಜ್ವರ ಬಂತು. ಅವ್ವ ಕೇಳಿದಳು. ಸೂಜಿ ಹಾಕಿದ್ದು ಹೀಗಾಯಿತು ಅಂದೆ. ಎಷ್ಟು ಸಲೀಸಾಗಿ ಬಂತು ಆ ಮಾತು! ಓಣಿಗೆಲ್ಲ ಸುದ್ದಿಯಾಗಿ, ನಿನ್ನಪ್ಪ ಕಂಪ್ಲಿಯಿಂದ ಓಡಿ ಬಂದು, ಶಾಂತಮ್ಮನವರನ್ನು ಮನೆಗೆ ಕರೆಸಿ ಹತ್ತು ಜನರ ಮುಂದೆ ನಿಲ್ಲಿಸಿದರು. ಆಕೆ ಯಾರಿಗೂ ಎದುರು ಮಾತಾಡಲಿಲ್ಲ. ನಿನ್ನ ತೋಳನ್ನು ಬೆಳಕಿಗೆ ಹಿಡಿದು ನೋಡಿ, ನನ್ನನ್ನೊಬ್ಬಳನ್ನೇ ಕೇಳಿದರು.

“ಏನರ ಹಚ್ಚೀಯೇನವ್ವ?”

“ಏನೂ ಹಚ್ಚಿಲ್ರಿ ಸಿಸ್ಟರ್.”

ಆಕೆ ನಿನ್ನ ತೋಳನ್ನು ಮೆಲ್ಲಗೆ ಕೆಳಗಿಳಿಸಿದರು. ಆಮೇಲೆ ಬ್ಯಾಗು ಎತ್ತಿಕೊಂಡು, ಬೈಸಿಕೊಳ್ಳುತ್ತಲೇ ಹೊರಟುಹೋದರು. ನಮ್ಮ ಓಣಿಯವರು ಆಮೇಲೆ ಎಷ್ಟೋ ತಿಂಗಳು ತಮ್ಮ ಕೂಸುಗಳನ್ನು ಆ ಕಟ್ಟೆಗೆ ಕರೆದುಕೊಂಡು ಹೋಗಲಿಲ್ಲ. ಅವರಲ್ಲಿ ಯಾರಿಗೆ ಏನಾಯಿತೋ, ನಾನು ವಿಚಾರಿಸಲಿಲ್ಲ. ವಿಚಾರಿಸಲು ಹೆದರಿದೆ.

ಮಾಡಿದ್ದುಣ್ಣೋ ಮಹಾರಾಯ ಅನ್ನುತ್ತಾರೆ. ಮಾಡಿದವಳು ನಾನು, ಉಂಡವಳು ನೀನು. ಎಲ್ಲರಿಗೂ ಬೇಳೆಕಾಳಿನಷ್ಟಿರುವ ಗುರುತು ನಿನಗೆ ಅಂಗೈ ಅಗಲ ಉಬ್ಬಿ ಸುಕ್ಕಾಯಿತು. ಬೇಸಿಗೆಯಲ್ಲೂ ತುಂಬುತೋಳಿನ ಚೂಡಿದಾರ. ಮದುವೆಯ ಕುಪ್ಪಸಕ್ಕೆ ಮೊಣಕೈವರೆಗೆ ತೋಳು ಇಡಬೇಕೆಂದು ಹೊಸಪೇಟೆಯ ಟೇಲರಿನ ಹತ್ತಿರ ನೀನು ಜಗಳಕ್ಕೇ ನಿಂತೆ. ನಾನು ಪಕ್ಕದಲ್ಲಿ ಬಟ್ಟೆಯ ಗಂಟು ಹಿಡಿದುಕೊಂಡು ಗೋಡೆ ನೋಡುತ್ತಿದ್ದೆ. ಯಾರೋ ಹೇಳಿದರೆಂದು ನಿಂಬೆಹುಳಿ, ಲೋಳೆಸರ, ಮೆಡಿಕಲ್ ಶಾಪಿನ ಟ್ಯೂಬು, ಎಲ್ಲವನ್ನೂ ನಿನ್ನ ಕೈಯಿಂದ ಇಸಿದುಕೊಂಡು ನಾನೇ ತಿಕ್ಕಿದೆ. ಕಳ್ಳನ ಮನಸ್ಸು ಹುಳ್ಳಹುಳ್ಳಗೆ. ಇವತ್ತು ಮಾಸೀತು, ನಾಳೆ ಮಾಸೀತು ಎಂದು ನಿನಗಿಂತ ಹೆಚ್ಚು ಕಾದವಳು ನಾನು. ಕಲೆ ಹೋದರೆ ಹೇಳುವ ಅಗತ್ಯವೂ ಹೋಗುತ್ತದೆ ಎಂಬ ಆಸೆ.

ಚರ್ಮದ ಡಾಕ್ಟರು ಕಲೆಯನ್ನು ಒತ್ತಿ ನೋಡಿ, ಚಿಕ್ಕಂದಿನಲ್ಲಿ ಇಲ್ಲಿ ಸುಟ್ಟಿತ್ತೇ ಎಂದು ಕೇಳಿದ್ದು ನಿನಗೆ ನೆನಪಿರಬಹುದು. ನೀನು ನನ್ನ ಕಡೆ ತಿರುಗಿದೆ. ಹೇಳಲು ಅದಕ್ಕಿಂತ ಒಳ್ಳೆಯ ಸಮಯ ಯಾವುದಿತ್ತು? ಇಲ್ಲರೀ, ಸೂಜಿಯದ್ದೇ ಅಂದೆ. ತಿಂಗಳಿಗೊಮ್ಮೆ ಆ ಉಬ್ಬಿನೊಳಕ್ಕೇ ಔಷಧಿ ಚುಚ್ಚಿದರು. ನೀನು ನನ್ನ ಸೆರಗು ಕಚ್ಚಿಕೊಂಡು ಕೂರುತ್ತಿದ್ದೆ. ಉಬ್ಬು ಇಳಿಯಿತು, ಬಣ್ಣ ತೆಳುವಾಯಿತು. ಪೂರ್ತಿ ಹೋಗುವುದಿಲ್ಲ, ಇಷ್ಟೇ ಎಂದರು.

ಇಷ್ಟಾದರೂ ನಾನು ಬಾಯಿ ಬಿಡುತ್ತಿರಲಿಲ್ಲವೇನೋ. ಹೆರಿಗೆ ವಾರ್ಡಿನಲ್ಲಿ ನರ್ಸು ಕೂಸಿನ ಸೂಜಿಯ ಟ್ರೇ ಹಿಡಿದು ಬಂದಾಗ ನೀನು ಮಗಳನ್ನು ಎದೆಗೆ ಒತ್ತಿಕೊಂಡು, ತೋಳು ತೋರಿಸಿ, ವಾಪಸ್ ಕಳಿಸಿದೆ. ಆಮೇಲೆ ನನಗೆ ಹೇಳಿದೆ: “ನನಗಾದದ್ದು ಸಾಕವ್ವ. ನನ್ನ ಮಗಳಿಗೆ ಒಂದು ಸೂಜಿನೂ ಬ್ಯಾಡ.” ಆ ಮಾತು ನನ್ನದು. ನಿನ್ನ ಬಾಯಲ್ಲಿ ಇಟ್ಟವಳು ನಾನು. ಎರಡೂವರೆ ತಿಂಗಳಾಯಿತು, ಕೂಸಿಗೆ ಒಂದೂ ಹಾಕಿಸಿಲ್ಲ. ಪಕ್ಕದ ಕ್ವಾರ್ಟರ್ಸಿನಲ್ಲಿ ಕ್ಷಯದ ಗುಳಿಗೆ ನುಂಗುತ್ತಿರುವವರು ಕೆಮ್ಮಿದಾಗಲೆಲ್ಲ ನಾನು ಎದ್ದು ಕಿಟಕಿ ಮುಚ್ಚುತ್ತೇನೆ. ನಿನ್ನ ಗಂಡ ಹೇಳಿ ಸೋತ, ಆಶಾ ಕಾರ್ಯಕರ್ತೆ ಬಂದು ಸೋತಳು. ಎಲ್ಲರಿಗೂ ನೀನು ತೋಳು ತೋರಿಸುತ್ತೀಯ. ಆ ತೋಳಿನ ಮುಂದೆ ಅವರು ಏನು ಹೇಳಿಯಾರು?

ಕಳೆದ ವಾರ ಶಾಂತಮ್ಮನವರನ್ನು ಹುಡುಕಿಕೊಂಡು ಹೋಗಿದ್ದೆ. ರಿಟೈರಾಗಿ ಹೊಸಪೇಟೆಯಲ್ಲಿ ಮಗನ ಮನೆಯಲ್ಲಿದ್ದಾರೆ. ಕಣ್ಣು ಮಂಜಾಗಿದೆ. ಹೆಸರು ಹೇಳಿದೆ, ಎಲ್ಲ ಹೇಳಿದೆ, ಕಾಲು ಮುಟ್ಟಿದೆ. ಆಕೆ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

“ನನಗ ಅವತ್ತ ಗೊತ್ತಾಗಿತ್ತವ್ವ. ಅಂಚಿಗೆ ಕೇರಿನ ಕರಿ ಇತ್ತು. ಹೇಳಿದ್ರ ಬಾಣಂತಿನ ಗಂಡನ ಮನಿಯವ್ರು ಬಿಟ್ಟು ಹೋಗ್ತಾರ ಅಂತ ಸುಮ್ಮನಾದೆ. ಈಗ ನನ್ನ ಮುಂದ ಯಾಕ ಅಳ್ತಿ? ಮಗಳ ಮುಂದ ಹೇಳು. ಕೂಸಿಗೆ ಇನ್ನೂ ವ್ಯಾಳ್ಯಾ ಐತಿ.”

ನನ್ನ ಸಂಸಾರ ಉಳಿಯಲಿ ಎಂದು ಆಕೆ ಬೈಸಿಕೊಂಡರು. ನಾನು ಆ ಉಳಿದ ಸಂಸಾರದಲ್ಲಿ ಕುಳಿತು ಇಪ್ಪತ್ತೆಂಟು ವರ್ಷ ಆಕೆಯನ್ನೇ ದೂರಿದೆ.

ನೀಲಾ, ನೀನು ಈಗ ಒಳಗೆ ಕೂಸಿಗೆ ಹಾಲು ಕುಡಿಸುತ್ತಿದ್ದೀಯ. ಹೊರಗೆ ಬಂದ ಕೂಡಲೇ ಈ ಹಾಳೆಗಳನ್ನು ನಿನ್ನ ಕೈಗೆ ಕೊಡುತ್ತೇನೆ. ನೀನು ಓದಿ ಮುಗಿಸುವ ತನಕ ಎದುರಿಗೇ ಕುಳಿತಿರುತ್ತೇನೆ, ಅಡುಗೆಮನೆಗೆ ಎದ್ದು ಹೋಗುವುದಿಲ್ಲ. ಏನು ಬೇಕಾದರೂ ಅನ್ನು. ಮನೆಗೆ ಹೋಗು ಎಂದರೆ ಮುಂದಿನ ಬಸ್ಸಿಗೆ ಹೋಗುತ್ತೇನೆ. ಮತ್ತೆ ಬರಬೇಡ ಎಂದರೆ ಬರುವುದಿಲ್ಲ. ಕೂಸನ್ನು ಇನ್ನು ನನ್ನ ಕೈಗೆ ಕೊಡಲು ನಿನಗೆ ಮನಸ್ಸಾಗದಿದ್ದರೆ ಅದೂ ಸರಿಯೇ. ಈ ಕೈ ಅಂಥದ್ದೇ.

ಸೂಜಿ ಹಾಕಿಸಿದರೆ ಕೂಸಿನ ತೋಳಿನ ಮೇಲೆ ಒಂದು ಸಣ್ಣ ಗುಳ್ಳೆ ಏಳುತ್ತದೆ, ಒಣಗುತ್ತದೆ, ಸಣ್ಣ ಗುರುತು ಉಳಿಯುತ್ತದೆ. ಅಷ್ಟೇ ಆಗುವುದು. ನಿನಗೂ ಅಷ್ಟೇ ಆಗಬೇಕಿತ್ತು. ನನ್ನನ್ನು ಕ್ಷಮಿಸಬೇಡ, ಮಗಳೇ. ಸೂಜಿ ಮಾತ್ರ ಹಾಕಿಸು.